ಕಾಲೇಜಿನಲ್ಲಿ ಉಚಿತ ಪ್ರಯೋಗಾತ್ಮಕ ಸಿನಿಮಾ ಸರಣಿ: ಏನು ತೋರಿಸಬೇಕು, ಹೇಗೆ ತೋರಿಸಬೇಕು?

ಶರಾವತಿ_ತೀರ
ನಮಸ್ಕಾರ. ಮಲೆನಾಡಿನ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬರುವ ಸೆಮಿಸ್ಟರ್‌ನಲ್ಲಿ ಶನಿವಾರ ಮಧ್ಯಾಹ್ನ ಒಂದು ಉಚಿತ ಸಿನಿಮಾ ಸರಣಿ ನಡೆಸಬೇಕು ಅಂತಿದ್ದೇನೆ. ಮಾಮೂಲಿ ಫಿಲ್ಮ್ ಕ್ಲಬ್ ಅಲ್ಲ. ಪ್ರಯೋಗಾತ್ಮಕ ಸಿನಿಮಾ ಮತ್ತು ವಿಡಿಯೋ. ಕಥೆ ಇಲ್ಲದ್ದು, ಮಾತಿಲ್ಲದ್ದು, ಕ್ಯಾಮೆರಾನೇ ಇಲ್ಲದೆ ಮಾಡಿದ್ದು, ಮೊಬೈಲಿನಲ್ಲಿ ತೆಗೆದದ್ದು, ಹೀಗೆ. ಸೆಮಿಸ್ಟರಿಗೆ ಆರು ಪ್ರದರ್ಶನ ಸಾಕು. ಊರಿನವರೂ ಬಂದು ಕೂರಬೇಕು ಅನ್ನೋದು ನನ್ನ ಆಸೆ.

ಪ್ರಿನ್ಸಿಪಾಲರು ಒಪ್ಪಿದ್ದಾರೆ. ಸೆಮಿನಾರ್ ಹಾಲ್ ಇದೆ, ಪ್ರೊಜೆಕ್ಟರ್ ಇದೆ, ದುಡ್ಡು ಇಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು "ನಮ್ಮ ಹುಡುಗರಿಗೆ ಇದೆಲ್ಲ ಯಾಕೆ ಮೇಡಂ, ಒಂದು ಒಳ್ಳೆ ಕನ್ನಡ ಸಿನಿಮಾ ಹಾಕಿ, ಖುಷಿಯಾಗಿ ನೋಡ್ತಾರೆ" ಅಂದರು. ಆ ಮಾತು ನನಗೆ ಹಿಡಿಸಲಿಲ್ಲ. ಕನ್ನಡ ಸಿನಿಮಾ ಅವರು ಹೇಗೂ ನೋಡುತ್ತಾರೆ. ಇದನ್ನು ಕಾಲೇಜು ತೋರಿಸದಿದ್ದರೆ ಇನ್ಯಾರು ತೋರಿಸುತ್ತಾರೆ?

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. ಮೊದಲ ದಿನ ಏನು ಹಾಕಬೇಕು? ಹಕ್ಕು, ಅನುಮತಿ ಎಲ್ಲ ಹೇಗೆ? ಮಕ್ಕಳು ಮಧ್ಯದಲ್ಲಿ ಎದ್ದು ಹೋದರೆ ಏನು ಮಾಡಬೇಕು?

ರೀಲುಡಬ್ಬಿ
ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಎದ್ದು ಹೋಗುವವರು ಹೋಗಲಿ, ಮೇಡಂ. ಬಾಗಿಲಿಗೆ ದಪ್ಪ ಪರದೆ ಹಾಕಿ, ಹೋದರೆ ಬೆಳಕು ಒಳಗೆ ಬರಬಾರದು ಅಷ್ಟೇ. ಹಾಜರಾತಿಗೆ ಮಾತ್ರ ದಯವಿಟ್ಟು ಸೇರಿಸಬೇಡಿ.

ಅಡಿಕೆಮರ
ಹಾಜರಾತಿ ಇಲ್ಲ ಅಂದರೆ ಶನಿವಾರ ಮಧ್ಯಾಹ್ನ ಯಾರಿರುತ್ತಾರೆ ಸ್ವಾಮಿ? ನನ್ನ ಮಗಳು ಅಂಥದ್ದೇ ಒಂದು ಕಾಲೇಜಿನಲ್ಲಿ ಓದುತ್ತಾಳೆ. ಬಸ್ಸಿಗೆ ಒಂದೂವರೆ ಗಂಟೆ. ಶನಿವಾರ ಒಂದು ಗಂಟೆಗೆ ಬೆಲ್ ಹೊಡೆದರೆ ಊರಿಗೆ ಓಡುತ್ತಾಳೆ. ಅವಳನ್ನು ಕೂರಿಸಬೇಕಾದರೆ ಏನಾದರೂ ಕಾರಣ ಬೇಕು. ಕಥೆ ಇಲ್ಲದ ಸಿನಿಮಾ ಅಂತ ಬೇರೆ ಹೇಳುತ್ತೀರಿ.

ಹಾಸ್ಟೆಲ್_ರೂಂ_12
ಅಂಕಲ್, ಹಾಸ್ಟೆಲಿನವರು ಇರುತ್ತೇವೆ. ಶನಿವಾರ ಮಧ್ಯಾಹ್ನ ಹಾಸ್ಟೆಲಿನಲ್ಲಿ ಮಾಡಲು ಏನೂ ಇರೋಲ್ಲ. ಕಾರ್ಯಕ್ರಮ ಇದೆ ಅಂತ ಬಲವಂತವಾಗಿ ಕೂರಿಸಿದರೆ ಹಿಂದಿನ ಸಾಲಿನಲ್ಲಿ ಎಲ್ಲರೂ ಮೊಬೈಲು ತೆಗೆಯುತ್ತಾರೆ. ಆ ಬೆಳಕಿಗೆ ಮುಂದೆ ಕೂತವರಿಗೂ ಏನೂ ಕಾಣಿಸೋಲ್ಲ. ಬೇಕಾದವರು ಮಾತ್ರ ಬರಲಿ.

ಟೆಂಟ್_ಟಾಕೀಸ್
ಹಳ್ಳಿ ಹುಡುಗರಿಗೆ ಇದು ಹೊಸದು ಅಂತ ಯಾರಾದರೂ ಹೇಳಿದರೆ ನನಗೆ ಕೋಪ ಬರುತ್ತದೆ. ನಾವು ಚಿಕ್ಕವರಿದ್ದಾಗ ಟೆಂಟಿನಲ್ಲಿ ಸಿನಿಮಾಕ್ಕೆ ಮೊದಲು ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರ ಹಾಕಲೇಬೇಕಿತ್ತು. ಸರ್ಕಾರದ ಕಾನೂನೇ ಹಾಗಿತ್ತು. ಎಲ್ಲರೂ ಅದನ್ನು 'ನ್ಯೂಸ್ ರೀಲು' ಅನ್ನುತ್ತಿದ್ದೆವು. ಪ್ರವಾಹ, ಅಣೆಕಟ್ಟು, ಮಂತ್ರಿಗಳ ಉದ್ಘಾಟನೆ ಇವೇ ಜಾಸ್ತಿ. ಆದರೆ ಅದೇ ಫಿಲ್ಮ್ಸ್ ಡಿವಿಷನ್ನಿನಲ್ಲಿ ಅರವತ್ತರ ದಶಕದ ಕೊನೆಗೆ ಪ್ರಮೋದ್ ಪತಿ ಅನ್ನುವವರು ಸಂಬಳಕ್ಕಿದ್ದುಕೊಂಡೇ 'ಎಕ್ಸ್‌ಪ್ಲೋರರ್' ತರಹದ ಸಿನಿಮಾ ಮಾಡಿದರು. 1968ರದ್ದು. ಮಾತೇ ಇಲ್ಲ. ಕುಣಿಯುವ ಹುಡುಗರು, ಪೂಜೆ, ಯಂತ್ರ, ಅಕ್ಷರ, ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತವೆ. ಕುಟುಂಬ ಯೋಜನೆ ಪ್ರಚಾರಕ್ಕೆ ಅಂತಲೂ ಅವರು ಹೀಗೇ ವಿಚಿತ್ರವಾದ ಚಿತ್ರ ಮಾಡಿದ್ದಾರೆ. ಸರ್ಕಾರಿ ದುಡ್ಡಲ್ಲಿ!

ಮೇಡಂ, ಮೊದಲ ದಿನ ಅದನ್ನೇ ಹಾಕಿ. ಫಿಲ್ಮ್ಸ್ ಡಿವಿಷನ್ನಿನ ಯೂಟ್ಯೂಬ್ ಚಾನೆಲಿನಲ್ಲಿ ಹಳೆಯದು ಬೇಕಾದಷ್ಟಿದೆ.

ಕಾನೂನು_ಕಟ್ಟೆ
ಯೂಟ್ಯೂಬಿನಲ್ಲಿ ಇದೆ ಅಂದ ಮಾತ್ರಕ್ಕೆ ಹಾಲಿನಲ್ಲಿ ತೋರಿಸಬಹುದು ಅಂತ ಆಗೋಲ್ಲ. ಎಲ್ಲರೂ ಇಲ್ಲೇ ಎಡವುತ್ತಾರೆ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಸಿನಿಮಾ ತೋರಿಸಬಹುದು. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ-ತಾಯಿ ಅಥವಾ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು, ಇಷ್ಟೇ ಜನ ಆಗಿರಬೇಕು. ಅಂದರೆ ಅಡಿಕೆಮರ ಅವರು ಮಗಳ ಕಾಲೇಜಿಗೆ ಹೋಗಿ ನೋಡಬಹುದು. ಪಕ್ಕದ ಮನೆಯವರನ್ನು ಕರೆದುಕೊಂಡು ಹೋದರೆ ವಿನಾಯಿತಿ ನಿಲ್ಲೋಲ್ಲ. ಟಿಕೆಟ್ ಇಲ್ಲ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರೋಲ್ಲ.

ಎರಡನೆಯದು, ಸೆನ್ಸಾರ್. ಸಾರ್ವಜನಿಕ ಪ್ರದರ್ಶನಕ್ಕೆ ಸರ್ಟಿಫಿಕೇಟ್ ಬೇಕು ಅನ್ನುತ್ತದೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಚಿತ್ರೋತ್ಸವದವರು ಕೇಂದ್ರ ಸರ್ಕಾರದಿಂದ ವಿನಾಯಿತಿ ತೆಗೆದುಕೊಳ್ಳುವುದು ಇದೇ ಕಾರಣಕ್ಕೆ. ಹೊರದೇಶದ ಕಿರುಚಿತ್ರಕ್ಕೆ ಇಲ್ಲಿನ ಸರ್ಟಿಫಿಕೇಟ್ ಎಲ್ಲಿರುತ್ತದೆ?

ಮೇಡಂ "ಊರಿನವರೂ ಬರಬೇಕು" ಅಂದಿದ್ದಾರಲ್ಲ, ಅದೇ ಒಂದು ವಾಕ್ಯ ಎಲ್ಲವನ್ನೂ ಬದಲಾಯಿಸುತ್ತದೆ.

ಅಡಿಕೆಮರ
ಹಾಗಾದರೆ ಊರಿನವರು ಬೇಡ ಅಂತಲೇ ಆಯ್ತಲ್ಲ.

ಕಾನೂನು_ಕಟ್ಟೆ
ಬೇಡ ಅನ್ನಲಿಲ್ಲ. ದಾರಿ ಇದೆ ಅಂತಲೇ ಹೇಳುತ್ತಿದ್ದೇನೆ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1963ರಲ್ಲಿ ಬಂದ ಸಿನಿಮಾದ ಹಕ್ಕು 2024ರ ಜನವರಿ 1ಕ್ಕೆ ಇಲ್ಲಿ ಮುಗಿದಿದೆ. ಅದಕ್ಕಿಂತ ಹಳೆಯದು ಬೇಕಾದಷ್ಟು ಇದೆ. ಸಂಗೀತದ ಹಕ್ಕು ಮಾತ್ರ ಬೇರೆ, ಅದು ಸಂಗೀತ ಮಾಡಿದವರು ತೀರಿಕೊಂಡ ಮೇಲೆ 60 ವರ್ಷ ನಡೆಯುತ್ತದೆ. ಮೂಕಿ ಚಿತ್ರ ತೋರಿಸಿದರೆ ಆ ತಲೆನೋವೂ ಇಲ್ಲ. ಫಿಲ್ಮ್ಸ್ ಡಿವಿಷನ್ ಚಿತ್ರಗಳಿಗೆ ಕೇಂದ್ರ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವಾದ ಎನ್‌ಎಫ್‌ಡಿಸಿಗೆ ಬರೆಯಿರಿ. ಫಿಲ್ಮ್ಸ್ ಡಿವಿಷನ್, ಪುಣೆಯ ಫಿಲ್ಮ್ ಆರ್ಕೈವ್ ಎರಡನ್ನೂ 2022ರಲ್ಲಿ ಅದರೊಳಗೇ ಸೇರಿಸಿದ್ದಾರೆ. ಥಿಯೇಟರಿಗೆ ಹೋದ ಹಳೆಯ ಚಿತ್ರಗಳಿಗೆ ಸರ್ಟಿಫಿಕೇಟ್ ಇದ್ದೇ ಇರುತ್ತದೆ. ಊರಿನವರಿಗೆ ಇಂಥವು, ಉಳಿದದ್ದು ಕಾಲೇಜಿನ ಒಳಗೆ ಅಂತ ಎರಡು ಭಾಗ ಮಾಡಿಕೊಳ್ಳಿ.

ಪ್ರೊಜೆಕ್ಟರ್_ಪಕ್ಕ
ಎಲ್ಲರೂ ಸಿನಿಮಾ ಬಗ್ಗೆ ಮಾತಾಡುತ್ತಿದ್ದೀರಿ. ಹಾಲು ಕತ್ತಲಾಗುತ್ತದಾ ಅಂತ ಯಾರೂ ಕೇಳಲಿಲ್ಲ.

ನಮ್ಮ ಕಾಲೇಜುಗಳ ಸೆಮಿನಾರ್ ಹಾಲಿನಲ್ಲಿ ಕಿಟಕಿಗೆ ಕರ್ಟನ್ ಇರುತ್ತದೆ, ಮೇಲಿನ ವೆಂಟಿಲೇಟರಿಗೆ ಇರೋಲ್ಲ. ಮಧ್ಯಾಹ್ನ ಮೂರು ಗಂಟೆಗೆ ಅಲ್ಲಿಂದ ಒಂದು ಪಟ್ಟಿ ಬಿಸಿಲು ನೇರ ಪರದೆ ಮೇಲೆ ಬೀಳುತ್ತದೆ. ಮಾತಿನ ಸಿನಿಮಾ ಆದರೆ ಕೇಳಿಕೊಂಡಾದರೂ ಕೂರಬಹುದು. ಬೆಳಕು-ಕತ್ತಲೆಯೇ ವಿಷಯ ಆಗಿರುವ ಸಿನಿಮಾಕ್ಕೆ ಆ ಪಟ್ಟಿ ಬಿದ್ದರೆ ಸಿನಿಮಾನೇ ಇಲ್ಲ. ಕರಿ ಬಟ್ಟೆ ಎರಡು ಪದರ ಹೊಲಿಸಿ, ವೆಂಟಿಲೇಟರಿಗೆ ಹೊರಗಡೆಯಿಂದ ಟಾರ್ಪಾಲು ಕಟ್ಟಿ. ಮಲೆನಾಡಿನಲ್ಲಿ ಟಾರ್ಪಾಲಿಗೇನು ಬರ.

ಇನ್ನು ಲ್ಯಾಪ್‌ಟಾಪು. ಯೂಟ್ಯೂಬಿನಿಂದ ನೇರ ಓಡಿಸಬೇಡಿ, ಮಧ್ಯದಲ್ಲಿ ಚಕ್ರ ತಿರುಗುತ್ತಾ ನಿಲ್ಲುತ್ತದೆ, ಅದರ ಮೇಲೆ ಸೋಪಿನ ಜಾಹೀರಾತು. ಅನುಮತಿ ಕೇಳುವಾಗಲೇ ಒಳ್ಳೆ ಫೈಲು ಕೇಳಿ. ವಿಎಲ್‌ಸಿಯಲ್ಲಿ ಹಾಕಿದ ತಕ್ಷಣ ಫೈಲಿನ ಹೆಸರು ಪರದೆ ಮೇಲೆ ಬರುತ್ತದೆ, ಸೆಟ್ಟಿಂಗ್ಸಿಗೆ ಹೋಗಿ ಅದನ್ನು ತೆಗೆಯಿರಿ. ವಾಟ್ಸ್ಯಾಪ್, ಸ್ಕ್ರೀನ್ ಸೇವರ್ ಎಲ್ಲ ಬಂದ್. ಅದಕ್ಕಿಂತ ಮುಖ್ಯ: ಹಳೆ ಸಿನಿಮಾ ಹೆಚ್ಚುಕಡಿಮೆ ಚೌಕ, ಈಗಿನ ಪರದೆ ಅಗಲ. ತುಂಬಲಿ ಅಂತ ಎಳೆದು ಅಗಲ ಮಾಡುತ್ತಾರೆ. ಎಲ್ಲರ ಮುಖವೂ ಚಪ್ಪಟೆ. ಎರಡೂ ಕಡೆ ಕಪ್ಪು ಇರಲಿ, ಬಿಡಿ.

ಹಾಸ್ಟೆಲ್_ರೂಂ_12
ಫ್ಯಾನಿನ ಶಬ್ದ?

ಪ್ರೊಜೆಕ್ಟರ್_ಪಕ್ಕ
ಒಳ್ಳೆ ಪ್ರಶ್ನೆ. ಮೂಕಿ ಚಿತ್ರಕ್ಕೆ ಫ್ಯಾನು ಆರಿಸಿ. ನಾಲ್ಕು ನಿಮಿಷದ ಸೆಖೆಗೆ ಯಾರಿಗೂ ಏನೂ ಆಗೋಲ್ಲ. ಫ್ಯಾನು ನಿಂತ ತಕ್ಷಣ ಹಾಲಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ, ನೋಡಿ ಬೇಕಾದರೆ.

ನೆರಳುಬೆಳಕು
ನಾನು ವಿಡಿಯೋ ಕೆಲಸ ಮಾಡುವವಳು, ಬೆಂಗಳೂರಿನಲ್ಲಿದ್ದೇನೆ. ಇಲ್ಲಿ ಯಾರೂ ಎತ್ತದ ಮಾತೊಂದಿದೆ. ನೋಡುವವರಿಗೆ ಉಚಿತ, ಸರಿ. ಮಾಡಿದವರಿಗೂ ಉಚಿತವಾ? "ಕಾಲೇಜು ಮೇಡಂ, ಒಳ್ಳೆ ಕೆಲಸ, ದುಡ್ಡು ಇಲ್ಲ, ಲಿಂಕ್ ಕಳಿಸಿ" ಅಂತ ನಮಗೆ ಬರುವ ಮೇಲ್‌ಗಳಿಗೆ ಲೆಕ್ಕವಿಲ್ಲ. ಅದೇ ಕಾರ್ಯಕ್ರಮಕ್ಕೆ ಶಾಮಿಯಾನಾದವನಿಗೆ ದುಡ್ಡು ಇರುತ್ತದೆ, ಶಾಲು-ಹಾರಕ್ಕೆ ಇರುತ್ತದೆ, ಮೊಮೆಂಟೋಗೆ ಇರುತ್ತದೆ. ಸಿನಿಮಾ ತೋರಿಸುವ ಕಾರ್ಯಕ್ರಮದಲ್ಲಿ ಸಿನಿಮಾ ಮಾಡಿದವರಿಗೆ ಮಾತ್ರ ಇರೋಲ್ಲ.

ಹೊರದೇಶದಲ್ಲಿ ಈ ತರಹದ ಸಿನಿಮಾಕ್ಕೆ ಅಂತಲೇ ಸಹಕಾರಿ ಸಂಸ್ಥೆಗಳು, ವಿತರಕರು ಇದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾನ್ಯನ್ ಸಿನಿಮಾ, ಪ್ಯಾರಿಸಿನಲ್ಲಿ ಲೈಟ್ ಕೋನ್, ಲಂಡನ್ನಿನಲ್ಲಿ ಲಕ್ಸ್, ಶಿಕಾಗೋದಲ್ಲಿ ವಿಡಿಯೋ ಡೇಟಾ ಬ್ಯಾಂಕ್. ಪ್ರತಿ ಚಿತ್ರಕ್ಕೆ ಬಾಡಿಗೆ ಇರುತ್ತದೆ, ಅದರ ಒಂದು ಪಾಲು ಮಾಡಿದವರಿಗೆ ಹೋಗುತ್ತದೆ. ನಮ್ಮಲ್ಲಿ ಆ ವ್ಯವಸ್ಥೆ ಇಲ್ಲ. ಅದಕ್ಕೇ ನೇರವಾಗಿ ಮಾಡಿದವರಿಗೇ ಬರೆಯಬೇಕು, ಕೊಡಲು ಎಷ್ಟಾಗುತ್ತದೆ ಅಂತ ಮೊದಲ ಮೇಲ್‌ನಲ್ಲೇ ಹೇಳಬೇಕು. ಚಿಕ್ಕ ಮೊತ್ತವಾದರೂ ಸರಿ.

ಅಡಿಕೆಮರ
ದುಡ್ಡು ಇಲ್ಲ ಅಂತ ಮೇಡಂ ಮೊದಲೇ ಹೇಳಿದ್ದಾರೆ. ಸರ್ಕಾರಿ ಕಾಲೇಜಿನಲ್ಲಿ ಚಾಕ್‌ಪೀಸಿಗೇ ಪರದಾಟ. ತೋರಿಸಿ ಪ್ರಚಾರ ಕೊಡುತ್ತೇವೆ ಅಂದರೂ ದುಡ್ಡು ಕೇಳಿದರೆ ಹೇಗಮ್ಮಾ?

ನೆರಳುಬೆಳಕು
ಅಡಿಕೆ ಕ್ವಿಂಟಾಲ್ ಲೆಕ್ಕದಲ್ಲಿ ಮಾರುತ್ತೀರಲ್ಲ, ಪ್ರಚಾರ ಕೊಡುತ್ತೇವೆ ಅಂದರೆ ಸುಮ್ನೆ ಕೊಡುತ್ತೀರಾ? ತಪ್ಪು ತಿಳಿಯಬೇಡಿ. ಇದು ನಮ್ಮ ದುಡಿಮೆ.

ಅಡಿಕೆಮರ
ಆ ಮಾತು ಒಪ್ಪಿದೆ. ಕೊಡೋಲ್ಲ.

ರೀಲುಡಬ್ಬಿ
ದುಡ್ಡಿಗೆ ಒಂದು ದಾರಿ ಇದೆ. ಹಳೆ ವಿದ್ಯಾರ್ಥಿಗಳ ಸಂಘವನ್ನು ಕೇಳಿ. "ಈ ಶನಿವಾರದ ಬಾಡಿಗೆ 1998ನೇ ಬ್ಯಾಚಿನವರದ್ದು" ಅಂತ ಪೋಸ್ಟರಿನ ಕೆಳಗೆ ಹಾಕಿದರೆ ಕೊಡುವವರು ಇರುತ್ತಾರೆ. ದೇವಸ್ಥಾನದ ಸೇವೆಗೆ ಕೊಡೋಲ್ವಾ, ಹಾಗೆ. ಆರರಲ್ಲಿ ನಾಲ್ಕು ಪ್ರದರ್ಶನ ಹಕ್ಕು ಮುಗಿದ ಚಿತ್ರಗಳದ್ದು, ಎರಡು ದುಡ್ಡು ಕೊಟ್ಟು ತರಿಸಿದ್ದು. ಇಷ್ಟು ಸಾಧ್ಯ.

ಮಲೆನಾಡಿನಲ್ಲಿ ಕೂತು ಇದು ಸಾಧ್ಯವಾ ಅಂತ ಕೇಳುವುದೇ ವಿಚಿತ್ರ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಎಪ್ಪತ್ತರ ದಶಕದಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಸಿನಿಮಾ ನೋಡುವುದು ಹೇಗೆ ಅಂತ ಶಿಬಿರ ನಡೆಸಿದರು. ಬೆಂಗಳೂರಿನ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾದದ್ದು 1971ರಲ್ಲಿ. ಹೆಗ್ಗೋಡು ಅದಕ್ಕಿಂತ ಬಹಳ ಹಿಂದೇನೂ ಬೀಳಲಿಲ್ಲ. ನಿಮ್ಮ ಊರಿನ ಹಿರಿಯರಲ್ಲಿ ಅಲ್ಲಿ ಸಿನಿಮಾ ನೋಡಿದವರು ಇರಬಹುದು, ಹುಡುಕಿ, ಮೊದಲ ಸಾಲಿನಲ್ಲಿ ಕೂರಿಸಿ.

ಟೆಂಟ್_ಟಾಕೀಸ್
ಹೆಗ್ಗೋಡಿನ ಹೆಸರು ತೆಗೆದಿರಿ, ಸಂತೋಷವಾಯ್ತು. ಆದರೆ ಒಂದು ವ್ಯತ್ಯಾಸ ಹೇಳಬೇಕು. ಅಲ್ಲಿ ತೋರಿಸಿದ್ದು ಹೆಚ್ಚಾಗಿ ಜಗತ್ತಿನ ಒಳ್ಳೆಯ ಕಥಾಚಿತ್ರಗಳನ್ನು. ಮೇಡಂ ಕೇಳುತ್ತಿರುವುದು ಬೇರೆ. ಒಳ್ಳೆ ಆರ್ಟ್ ಸಿನಿಮಾ ಹಾಕಿಬಿಡಿ ಅಂತ ಇನ್ನು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಆರ್ಟ್ ಸಿನಿಮಾದಲ್ಲೂ ಊರ ಗೌಡ, ಬಡ ರೈತ, ಕಥೆ ಎಲ್ಲ ಇರುತ್ತದೆ. ಇದು ಆ ಜಾತಿ ಅಲ್ಲ.

ಹಾಸ್ಟೆಲ್_ರೂಂ_12
ಹಾಗಾದರೆ ಇದು ಯಾವ ಜಾತಿ? ನಿಜವಾಗಿ ಕೇಳುತ್ತಿದ್ದೇನೆ. ಒಂದು ಉದಾಹರಣೆ ಕೊಡಿ.

ರೀಲುಡಬ್ಬಿ
ಸ್ಟಾನ್ ಬ್ರಾಕೇಜ್ ಅಂತ ಒಬ್ಬ ಅಮೆರಿಕದವನು. 1963ರಲ್ಲಿ 'ಮಾತ್‌ಲೈಟ್' ಅಂತ ಮಾಡಿದ. ಕ್ಯಾಮೆರಾ ಇಲ್ಲ. ದೀಪಕ್ಕೆ ಬಿದ್ದು ಸತ್ತ ಪತಂಗಗಳ ರೆಕ್ಕೆ, ಹುಲ್ಲಿನ ಎಸಳು, ಹೂವಿನ ದಳ ಆರಿಸಿ ಎರಡು ಪಟ್ಟಿ ಪಾರದರ್ಶಕ ಟೇಪಿನ ಮಧ್ಯೆ ಅಂಟಿಸಿ, ಅದರಿಂದಲೇ ಫಿಲ್ಮ್ ಪ್ರಿಂಟ್ ತೆಗೆಸಿದ. ಸುಮಾರು 4 ನಿಮಿಷ, ಶಬ್ದವೇ ಇಲ್ಲ. ಪರದೆ ಮೇಲೆ ಒಂದು ರೆಕ್ಕೆಯ ನರನರವೂ ಆಳೆತ್ತರ ಕಾಣಿಸುತ್ತದೆ, ಅಷ್ಟರಲ್ಲಿ ಹೋಗಿಬಿಡುತ್ತದೆ, ಇನ್ನೊಂದು ಬರುತ್ತದೆ. ಮಳೆಗಾಲದಲ್ಲಿ ನಿಮ್ಮ ಹಾಸ್ಟೆಲಿನ ಟ್ಯೂಬ್‌ಲೈಟಿನ ಕೆಳಗೆ ಬೆಳಿಗ್ಗೆ ಎಷ್ಟು ರೆಕ್ಕೆ ಬಿದ್ದಿರುತ್ತವೆ? ಗುಡಿಸಿ ಹಾಕುತ್ತೀರಿ. ಅವನು ಗುಡಿಸದೆ ಎತ್ತಿಟ್ಟುಕೊಂಡ.

ಹಾಸ್ಟೆಲ್_ರೂಂ_12
ಈಗಲೇ ಮೊಬೈಲಿನಲ್ಲಿ ಹುಡುಕಿ ನೋಡಿದೆ. ಏನೋ ಕಂದು ಬಣ್ಣ ಓಡಿದ ಹಾಗೆ ಆಯ್ತು. ನೀವು ಹೇಳಿದ ಹಾಗೆ ಏನೂ ಕಾಣಲಿಲ್ಲ.

ಪ್ರೊಜೆಕ್ಟರ್_ಪಕ್ಕ
ಅದಕ್ಕೇ ತಮ್ಮಾ ಹಾಲು ಬೇಕು, ಕತ್ತಲೆ ಬೇಕು ಅಂತ ಬಡಿದುಕೊಳ್ಳುತ್ತಿರುವುದು. ಎಲ್ಲ ಮೊಬೈಲಿನಲ್ಲೇ ಸಿಗುತ್ತದೆ ಅನ್ನುವವರಿಗೆ ಇದೇ ಉತ್ತರ.

ಹೊರನಾಡಿನಿಂದ
ನಾನು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಇಂಥ ಉಚಿತ ಸರಣಿಗಳು ತುಂಬ ಕಡೆ ನಡೆಯುತ್ತವೆ, ಕೆಲವು ಕಡೆ ಇನ್ನೂ 16 ಎಂಎಂ ಫಿಲ್ಮ್ ರೀಲಿನ ಪ್ರಿಂಟ್ ತರಿಸುತ್ತಾರೆ. ಬಾಡಿಗೆಯನ್ನು ಯಾವುದಾದರೂ ವಿಭಾಗ ಕಟ್ಟುತ್ತದೆ. ಇಲ್ಲಿ ನೋಡಿ ಕಲಿತ ಎರಡು ಮಾತು. ಒಂದು, ಎಷ್ಟೇ ಜನ ಬರಲಿ ಬರದಿರಲಿ, ಹೇಳಿದ ದಿನ ಹೇಳಿದ ಹೊತ್ತಿಗೆ ಶುರುವಾಗಲೇಬೇಕು. ಎರಡು, ಒಂದು ಗಂಟೆ ಮೀರಬಾರದು. ಐದಾರು ಕಿರುಚಿತ್ರ ಸೇರಿ 50 ನಿಮಿಷ, ಆಮೇಲೆ ಮಾತು.

ಮಿಣಮಿಣ ಮಿನುಗುವ ಚಿತ್ರಗಳ ಬಗ್ಗೆ ಎಚ್ಚರ ಇರಲಿ. ಟೋನಿ ಕಾನ್ರಾಡ್ ಅವರ 'ದಿ ಫ್ಲಿಕರ್', 1966ರದ್ದು, ಬರೀ ಕಪ್ಪು-ಬಿಳಿ ಫ್ರೇಮುಗಳು ಮಿನುಗುವುದೇ ಇಡೀ ಚಿತ್ರ. ಶುರುವಿನಲ್ಲಿ ಎಚ್ಚರಿಕೆಯ ಫಲಕವನ್ನೇ ಹಾಕಿದ್ದಾರೆ. ಮೂರ್ಛೆ ರೋಗ ಇರುವವರಿಗೆ ಅಪಾಯ. 'ಎಕ್ಸ್‌ಪ್ಲೋರರ್' ಕೂಡ ತುಂಬ ವೇಗ. ಬಾಗಿಲಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿ, ಶುರು ಮಾಡುವ ಮೊದಲು ಬಾಯಲ್ಲೂ ಹೇಳಿ.

ಶರಾವತಿ_ತೀರ
ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಮೂರ್ಛೆ ರೋಗದ ಮಾತು ನನಗೆ ಹೊಳೆದೇ ಇರಲಿಲ್ಲ, ಖಂಡಿತ ಹಾಕುತ್ತೇನೆ.

ಈಗ ಹೊಸ ಸಮಸ್ಯೆ. ಉದ್ಘಾಟನೆ ಮಾಡಲೇಬೇಕು ಅಂತ ಕಾಲೇಜಿನವರು. ಪ್ರಾರ್ಥನೆ, ಸ್ವಾಗತ, ದೀಪ, ಮುಖ್ಯ ಅತಿಥಿ, ಅಧ್ಯಕ್ಷರ ನುಡಿ, ವಂದನಾರ್ಪಣೆ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನ ಫೈಲಿಗೆ ಜಾಗ ತೋರಿಸುವ ಜಿಯೋಟ್ಯಾಗ್ ಫೋಟೋ ಬೇರೆ ಬೇಕು, ಸಿನಿಮಾ ನಡೆಯುವಾಗಲೇ ತೆಗೆಯಬೇಕಂತೆ.

ಟೆಂಟ್_ಟಾಕೀಸ್
ಭಾಷಣಕ್ಕೆ ಒಂದು ಗಂಟೆ, ಸಿನಿಮಾಕ್ಕೆ ಹತ್ತು ನಿಮಿಷ. ಎಷ್ಟು ಕಡೆ ನೋಡಿಲ್ಲ ನಾನು! ಮಕ್ಕಳು ಸಿನಿಮಾ ಬರುವಷ್ಟರಲ್ಲಿ ಸುಸ್ತಾಗಿರುತ್ತಾರೆ.

ರೀಲುಡಬ್ಬಿ
ಉದ್ಘಾಟನೆಯನ್ನು ಬೇರೆ ದಿನ ಮಾಡಿಸಿ. ಗುರುವಾರ ಬೆಳಿಗ್ಗೆ, ಕ್ಲಾಸಿನ ಹೊತ್ತಿನಲ್ಲಿ. ಹಾರ, ದೀಪ, ಫೋಟೋ ಎಲ್ಲ ಆಗಲಿ, ಅವರಿಗೂ ಬೇಜಾರಾಗಬಾರದು. ಶನಿವಾರ ಬರೀ ಸಿನಿಮಾ. ಫೋಟೋವನ್ನು ಸಿನಿಮಾ ಮುಗಿದ ಮೇಲೆ, ಲೈಟ್ ಹಾಕಿ, ಚರ್ಚೆ ನಡೆಯುವಾಗ ತೆಗೆಯಲಿ. ಕತ್ತಲೆಯಲ್ಲಿ ತೆಗೆದ ಫೋಟೋದಲ್ಲಿ ಯಾರ ಮುಖವೂ ಕಾಣೋಲ್ಲ ಅಂತ ಹೇಳಿ, ಒಪ್ಪುತ್ತಾರೆ.

ನೆರಳುಬೆಳಕು
ಚರ್ಚೆ ಅಂದಿರಲ್ಲ, ಸಿನಿಮಾಕ್ಕೆ ಮೊದಲು ಉದ್ದ ಪರಿಚಯ ಬೇಡ. ಯಾರು, ಯಾವ ವರ್ಷ, ಎಷ್ಟು ನಿಮಿಷ, ಅಷ್ಟು ಸಾಕು. ಅರ್ಥ ಮೊದಲೇ ಹೇಳಿಬಿಟ್ಟರೆ ಮಕ್ಕಳು ಆ ಅರ್ಥವನ್ನೇ ಹುಡುಕುತ್ತಾ ಕೂರುತ್ತಾರೆ. ಪರದೆ ನೋಡೋಲ್ಲ.

ಟೆಂಟ್_ಟಾಕೀಸ್
ಒಪ್ಪೋಲ್ಲ. ಏನೂ ಹೇಳದೆ ಕತ್ತಲೆಯಲ್ಲಿ ಕೂರಿಸಿ ರೆಕ್ಕೆ ಓಡಿಸಿದರೆ, ನಮ್ಮನ್ನು ದಡ್ಡರು ಮಾಡುತ್ತಿದ್ದಾರೆ ಅಂತ ಅನಿಸುತ್ತದೆ. ಮೇಲಿನ ಹುಡುಗನಿಗೆ ರೀಲುಡಬ್ಬಿ ಹೇಗೆ ಮಾಡಿದ್ದು ಅಂತ ಹೇಳಿದ್ದಕ್ಕೇ ಅಲ್ವಾ ಅವನು ಹುಡುಕಿ ನೋಡಿದ್ದು?

ನೆರಳುಬೆಳಕು
ಹೌದು, ಹೇಗೆ ಮಾಡಿದರು ಅನ್ನುವುದನ್ನು ಹೇಳಿ. ಏನು ಅರ್ಥ ಅನ್ನುವುದನ್ನು ಬಿಡಿ. ಇಷ್ಟಕ್ಕೆ ಒಪ್ಪುತ್ತೀರಾ?

ಟೆಂಟ್_ಟಾಕೀಸ್
ಒಪ್ಪಿದೆ. ಎರಡು ನಿಮಿಷ ಮೀರದಿದ್ದರೆ.

ರೀಲುಡಬ್ಬಿ
ಮೊದಲ ದಿನದ ಪಟ್ಟಿಗೆ ನನ್ನ ಸಲಹೆ. ನಾರ್ಮನ್ ಮೆಕ್‌ಲಾರೆನ್ ಅವರ 'ನೇಬರ್ಸ್', 1952, 8 ನಿಮಿಷ. ಇಬ್ಬರು ನೆರೆಯವರು, ಬೇಲಿಯ ಜಾಗದಲ್ಲಿ ಒಂದು ಹೂವು ಅರಳುತ್ತದೆ, ಅದು ಯಾರದ್ದು ಅಂತ ಜಗಳ. ಮಾತಿಲ್ಲ. ನಿಜವಾದ ಮನುಷ್ಯರನ್ನೇ ನಿಲ್ಲಿಸಿ, ಸ್ವಲ್ಪ ಸ್ವಲ್ಪ ಸರಿಸಿ, ಫ್ರೇಮ್ ಫ್ರೇಮ್ ಆಗಿ ತೆಗೆದಿದ್ದಾರೆ. ಮನುಷ್ಯರು ನೆಲ ಮುಟ್ಟದೆ ಜಾರುತ್ತಾರೆ. ಅದರ ಶಬ್ದ ಕೂಡ ಫಿಲ್ಮಿನ ಅಂಚಿನಲ್ಲೇ ಕೈಯಿಂದ ಮಾಡಿದ್ದು. ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಅದನ್ನು ತನ್ನ ಜಾಲತಾಣದಲ್ಲಿ ನೋಡಲು ಉಚಿತವಾಗಿ ಇಟ್ಟಿದೆ, ಹಾಲಿನಲ್ಲಿ ತೋರಿಸಲು ಅವರಿಗೂ ಒಂದು ಮಾತು ಬರೆಯಿರಿ. ಬೇಲಿ ಜಗಳ ಗೊತ್ತಿಲ್ಲದ ಒಬ್ಬ ಹುಡುಗ ನಿಮ್ಮ ತಾಲೂಕಿನಲ್ಲಿ ಇದ್ದಾನಾ?

ಅದರ ಹಿಂದೆಯೇ ಪ್ರಮೋದ್ ಪತಿ ಅವರ 'ಆಬಿದ್', 1972. ಕಲಾವಿದ ಆಬಿದ್ ಸುರ್ತಿ ಅವರನ್ನು ಇಟ್ಟುಕೊಂಡು ಅದೇ ವಿಧಾನದಲ್ಲಿ ಮಾಡಿದ್ದು. ಕೆನಡಾದ್ದು, ಮುಂಬೈನದು ಒಟ್ಟಿಗೆ ನೋಡಿದರೆ ಹುಡುಗರಿಗೆ ತಾವೇ ಮಾಡಬೇಕು ಅನಿಸುತ್ತದೆ. ಮೊಬೈಲಿನಲ್ಲೇ ಆಗುತ್ತದೆ.

ಕಾನೂನು_ಕಟ್ಟೆ
'ನೇಬರ್ಸ್' ಕೊನೆಯಲ್ಲಿ ಹೆಂಡತಿ-ಮಗುವಿನ ಮೇಲೆ ಕೈ ಮಾಡುವ ದೃಶ್ಯ ಇದೆ. ಮೊದಲು ಬಿಡುಗಡೆಯಾದಾಗ ಅದನ್ನು ತೆಗೆದಿದ್ದರು, ವಿಯೆಟ್ನಾಂ ಯುದ್ಧದ ಕಾಲಕ್ಕೆ ಮೆಕ್‌ಲಾರೆನ್ ಮತ್ತೆ ಸೇರಿಸಿದರು. ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ಮೊದಲೇ ಹೇಳಿ.

ಅಡಿಕೆಮರ
ಬೇಲಿ ಜಗಳದ ಸಿನಿಮಾ ಈಗ ನೋಡಿದೆ. ಚೆನ್ನಾಗಿದೆ. ನಮ್ಮ ದಾಯಾದಿಗಳಿಗೆಲ್ಲ ತೋರಿಸಬೇಕು. ಇಂಥದ್ದು ಅಂತ ಮೊದಲೇ ಹೇಳಬಾರದಿತ್ತಾ? ಆದರೆ ನನ್ನ ಮಾತು ನಾನು ಬಿಡೋಲ್ಲ. ಎಲ್ಲ ಹೊರಗಿನದೇ ಆದರೆ ನಮ್ಮದು ಎಲ್ಲಿ?

ನೆರಳುಬೆಳಕು
ನಮ್ಮದು ಬೇಕಾದಷ್ಟು ಇದೆ, ಸರ್. ಬೆಂಗಳೂರಿನಲ್ಲಿ ಟಾಮ್ ಡಿ'ಅಗಿಯಾರ್ ಅಂತ ಒಬ್ಬ ಆಂಗ್ಲೋ-ಇಂಡಿಯನ್ ಹವ್ಯಾಸಿ ಇದ್ದರು. ತಮ್ಮ ಪುಟ್ಟ ಕ್ಯಾಮೆರಾದಲ್ಲಿ ಮನೆ, ಊರು, ಗೆಳೆಯರು ಅಂತ ಚಿತ್ರ ತೆಗೆದಿಟ್ಟಿದ್ದರು. ಕಲಾವಿದೆ ಆಯಿಷಾ ಅಬ್ರಹಾಂ ಆ ರೀಲುಗಳನ್ನೇ ಇಟ್ಟುಕೊಂಡು 2005ರಲ್ಲಿ 'ಸ್ಟ್ರೇಟ್ 8' ಮಾಡಿದರು. ಯಾರದೋ ಮನೆಯ ಅಟ್ಟದಲ್ಲಿ ಬಿದ್ದಿದ್ದ ರೀಲು ಸಿನಿಮಾ ಆಗಬಹುದು ಅಂತ ಮಕ್ಕಳಿಗೆ ಗೊತ್ತಾಗಬೇಕು.

ಯಶಸ್ವಿನಿ ರಘುನಂದನ್ ಅವರ 'ದಟ್ ಕ್ಲೌಡ್ ನೆವರ್ ಲೆಫ್ಟ್' 2019ರದ್ದು. ಹಳೆ ಫಿಲ್ಮ್ ರೀಲು ಕತ್ತರಿಸಿ ಆಟಿಕೆ ಮಾಡುವ ಪಶ್ಚಿಮ ಬಂಗಾಳದ ಒಂದು ಹಳ್ಳಿ. ಬೆಂಗಳೂರಿನವರೇ ಆದ ಪುಷ್ಪಮಾಲಾ ಎನ್. ಅವರ ವಿಡಿಯೋಗಳಿವೆ. 2003ರಲ್ಲಿ ಶಾಯಿ ಹೆರೇಡಿಯಾ ಶುರು ಮಾಡಿದ 'ಎಕ್ಸ್‌ಪೆರಿಮೆಂಟಾ' ಅನ್ನುವ ಚಿತ್ರೋತ್ಸವ ಇಂಥ ಸಿನಿಮಾಕ್ಕೇ ಮೀಸಲು, ಅದು ನೆಲೆ ನಿಂತದ್ದೂ ಬೆಂಗಳೂರಿನಲ್ಲೇ. ಇದೆಲ್ಲ ರಾಜಧಾನಿ ದಾಟಿ ಜಿಲ್ಲೆಗಳಿಗೆ ಹೋಗುತ್ತಿಲ್ಲ ಅನ್ನುವುದೇ ನನ್ನ ಸಂಕಟ.

ಹೊರನಾಡಿನಿಂದ
ವಿಡಿಯೋ ವಿಭಾಗಕ್ಕೆ ಮುಂಬೈನ ಕ್ಯಾಂಪ್ ಅನ್ನುವ ಕಲಾವಿದರ ತಂಡದ 'ಫ್ರಮ್ ಗಲ್ಫ್ ಟು ಗಲ್ಫ್ ಟು ಗಲ್ಫ್' ಬಿಡಬೇಡಿ. 2013ರದ್ದು. ಕಛ್, ಇರಾನ್ ಕಡೆಯ ನಾವಿಕರು ಮರದ ಹಡಗಿನಲ್ಲಿ ಆಡು, ಟೈರು, ಕಾರು ಎಲ್ಲ ಸಾಗಿಸುವಾಗ ತಮ್ಮ ಮೊಬೈಲಿನಲ್ಲೇ ತೆಗೆದ ವಿಡಿಯೋಗಳು. ಹಿಂದೆ ಕೇಳಿಸುವ ಹಾಡು ಕೂಡ ಆ ಮೊಬೈಲುಗಳಲ್ಲಿ ಇದ್ದದ್ದೇ. ನಮ್ಮ ಹುಡುಗರು ದಿನಾ ಮಾಡುವ ಕೆಲಸವೇ ಅಲ್ವಾ ಅದು? ಸುಮಾರು ಒಂದೂವರೆ ಗಂಟೆ ಇದೆ, ಆದ್ದರಿಂದ ಕೊನೆಯ ಪ್ರದರ್ಶನಕ್ಕೆ ಇಡಿ. ಅಷ್ಟು ಹೊತ್ತಿಗೆ ಕೂತು ನೋಡುವ ಅಭ್ಯಾಸ ಆಗಿರುತ್ತದೆ.

ಪ್ರೊಜೆಕ್ಟರ್_ಪಕ್ಕ
ಕ್ಯಾಂಪ್ ಹೆಸರು ಬಂತು ಅಂತ ನೆನಪಾಯ್ತು. ಅವರು, ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ, ಇನ್ನೂ ಕೆಲವರು ಸೇರಿ 2008ರಲ್ಲಿ ಪ್ಯಾಡ್.ಮಾ ಅಂತ ಒಂದು ಆನ್‌ಲೈನ್ ಆರ್ಕೈವ್ ಶುರು ಮಾಡಿದರು. ಸಿನಿಮಾದಲ್ಲಿ ಬಳಸದೆ ಉಳಿದ ಫುಟೇಜ್ ಕೂಡ ಅಲ್ಲಿದೆ, ಎಲ್ಲಿ ಏನಿದೆ ಅಂತ ಟಿಪ್ಪಣಿ ಸಮೇತ. ಜರ್ನಲಿಸಂ ಮಕ್ಕಳಿಗೆ ಇದು ಗಣಿ.

ಹಾಸ್ಟೆಲ್_ರೂಂ_12
ಕೊನೆಯ ಶನಿವಾರ ನಮ್ಮದೂ ಹಾಕುತ್ತೀರಾ ಮೇಡಂ? ಒಂದೊಂದು ನಿಮಿಷದ್ದು. ರೀಲ್ಸ್ ಅಲ್ಲ, ಫಿಲ್ಟರ್ ಇಲ್ಲ, ಹಾಡಿಲ್ಲ. ನಮ್ಮ ಫ್ರೆಂಡ್ ಒಬ್ಬ ಬಸ್ಸಿನ ಹಿಂದಿನ ಗಾಜಿನಿಂದ ಆಗುಂಬೆ ಘಾಟಿಯ ಮಂಜು ಒಂದೇ ಶಾಟಿನಲ್ಲಿ ತೆಗೆದಿದ್ದಾನೆ. ಏನೂ ಆಗೋಲ್ಲ ಅದರಲ್ಲಿ. ನಾವೆಲ್ಲ ಪೂರ್ತಿ ನೋಡಿದೆವು.

ಶರಾವತಿ_ತೀರ
ಖಂಡಿತ ಹಾಕೋಣ. ಬೇರೆಯವರ ಹಾಗೆ ನಿಮ್ಮ ಹೆಸರು, ವರ್ಷ, ನಿಮಿಷ ಪೋಸ್ಟರಿನಲ್ಲಿ ಬರುತ್ತದೆ.

ಸದ್ಯಕ್ಕೆ ಇಷ್ಟು ನಿಕ್ಕಿ ಮಾಡಿದ್ದೇನೆ. ಶನಿವಾರ ಎರಡಕ್ಕೆ ಶುರು, ಮೂರೂಕಾಲಿಗೆ ಮುಗಿತಾಯ, ನಾಲ್ಕರ ಬಸ್ಸು ಎಲ್ಲರಿಗೂ ಸಿಗುತ್ತದೆ. ಹಾಜರಾತಿ ಇಲ್ಲ. ಮೊದಲ ದಿನ 'ನೇಬರ್ಸ್', 'ಆಬಿದ್', 'ಮಾತ್‌ಲೈಟ್', ಆಮೇಲೆ ಎಂ.ಎಫ್. ಹುಸೇನ್ ಅವರ 'ಥ್ರೂ ದ ಐಸ್ ಆಫ್ ಎ ಪೇಂಟರ್'. ಫಿಲ್ಮ್ಸ್ ಡಿವಿಷನ್ನಿಗೆ 1967ರಲ್ಲಿ ಮಾಡಿದ್ದು, ರಾಜಸ್ಥಾನದ ಕೊಡೆ, ಲಾಟೀನು, ಚಪ್ಪಲಿ, ಹಸು. ಬರ್ಲಿನ್‌ನಲ್ಲಿ ಬಹುಮಾನ ಬಂದಿತ್ತು. ಡ್ರಾಯಿಂಗ್ ಮೇಷ್ಟ್ರು ಆಗಲೇ ಖುಷಿಯಾಗಿದ್ದಾರೆ. ಕೊನೆಗೆ 'ಎಕ್ಸ್‌ಪ್ಲೋರರ್', ಅದಕ್ಕೆ ಮೊದಲು ಎಚ್ಚರಿಕೆ ಹೇಳಿ ಎರಡು ನಿಮಿಷ ಬಿಡುವು. ಎನ್‌ಎಫ್‌ಡಿಸಿಗೂ ಕೆನಡಾಕ್ಕೂ ಪತ್ರ ಹೋಗಿದೆ. ಮೊದಲ ಎರಡು ಪ್ರದರ್ಶನ ಕಾಲೇಜಿನವರಿಗೆ ಮತ್ತು ಪೋಷಕರಿಗೆ, ಉತ್ತರ ಬಂದ ಮೇಲೆ ಊರಿನವರಿಗೆ.

ಅಡಿಕೆಮರ
ಪೋಷಕರು ಬರಬಹುದು ಅಂದಿದ್ದರಲ್ಲ. ಯಾವ ಊರು ಅಂತ ಹೇಳಿದರೆ, ನನ್ನ ಮಗಳ ಕಾಲೇಜೇ ಆಗಿದ್ದರೆ ಬರುತ್ತೇನೆ. ಟಾರ್ಪಾಲು ಎಷ್ಟು ಬೇಕು?

ಶರಾವತಿ_ತೀರ
ಮೆಸೇಜಿನಲ್ಲಿ ಹೇಳುತ್ತೇನೆ ಸರ್. ವೆಂಟಿಲೇಟರ್ ಎಂಟು ಇವೆ, ತಲಾ ಮೂರಡಿ ಅಗಲ.

ಟೆಂಟ್_ಟಾಕೀಸ್
'ಸ್ಟ್ರೇಟ್ 8', ಗಲ್ಫಿನದು, ಇವಕ್ಕೆಲ್ಲ ಇಂಗ್ಲಿಷ್ ಬರಬೇಕಲ್ವಾ? ನಿಮ್ಮ ಮಕ್ಕಳಿಗೆ ಪರವಾಗಿಲ್ಲ, ಪೋಷಕರಿಗೆ ಕನ್ನಡ ಬೇಕು. ಮಾಡಿದವರು ಒಪ್ಪಿ ಇಂಗ್ಲಿಷ್ ಸಬ್‌ಟೈಟಲ್ ಫೈಲು ಕೊಟ್ಟರೆ ನನಗೆ ಕಳಿಸಿ. ನಾನು ರಿಟೈರ್ಡ್, ಸಮಯ ಇದೆ, ಕನ್ನಡ ಮಾಡಿಕೊಡುತ್ತೇನೆ.

ಪ್ರೊಜೆಕ್ಟರ್_ಪಕ್ಕ
ಯೂನಿಕೋಡಿನಲ್ಲಿ ಟೈಪ್ ಮಾಡಿ ಸರ್, ನುಡಿಯಲ್ಲಿ ಹಳೆ ಫಾಂಟ್ ಹಾಕಿ ಟೈಪ್ ಮಾಡಿದರೆ ಪರದೆ ಮೇಲೆ ಬರೀ ಚಿಹ್ನೆಗಳು ಬರುತ್ತವೆ. ಒಂದು ಸಾಲಿಗೆ ನಾಲ್ಕೈದು ಪದ ಸಾಕು, ಕನ್ನಡ ಪದ ಉದ್ದ. ಮುಗಿದ ಮೇಲೆ ನನಗೆ ಕಳಿಸಿ, ಒತ್ತಕ್ಷರ ಒಡೆಯುತ್ತಾ ಅಂತ ಹಾಕಿ ನೋಡಿ ಹೇಳುತ್ತೇನೆ.

ಹಾಸ್ಟೆಲ್_ರೂಂ_12
ಮೇಡಂ, ಶುಕ್ರವಾರ ಸಂಜೆ ನಾವು ಆರು ಜನ ಬರುತ್ತೇವೆ ಬಟ್ಟೆ ಕಟ್ಟೋಕೆ. ಲೈಬ್ರರಿಯ ಏಣಿ ಕೇಳಿ ಇಡಿ.